ವಿಆರ್ ಹೆಡ್‌ಸೆಟ್ ಹಾಕಿಕೊಂಡು ಕಲಬುರಗಿಯಿಂದ ಬೀದರ್‌ಗೆ: ಪಿಸಿ ನೋಡುವುದರಿಂದ ಹಿಡಿದು ರನ್‌ವೇಗೆ ಇಳಿಯುವವರೆಗೆ

ಬೀದರ್‌ನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಪಾಠ ಹೇಳುವಾಗ ತಲೆ ಮೇಲೆ ತರಬೇತಿ ವಿಮಾನ ಹೋದರೆ ನಮ್ಮ ಮಾಸ್ತರು ಬಾಯಿ ಮುಚ್ಚಿ ನಿಲ್ಲುತ್ತಿದ್ದರು, ಸದ್ದು ಕರಗಿದ ಮೇಲೆ ಬಿಟ್ಟ ಪದದಿಂದಲೇ ಮತ್ತೆ ಶುರು. ಸೂರ್ಯಕಿರಣ ತಂಡ ಹುಟ್ಟಿದ್ದು ಇಲ್ಲೇ, 1996ರಲ್ಲಿ, ಕಿರಣ್ ವಿಮಾನಗಳ ಜೊತೆ. ಈಗ ಅವರು ಹಾರಿಸುವುದು ಹಾಕ್. ಮಾಳಿಗೆ ಮೇಲೆ ನಿಂತು ಕತ್ತು ನೋಯುವ ತನಕ ಅದನ್ನೆಲ್ಲ ನೋಡಿದವನು ನಾನು. ಹಾಗಾಗಿ ಮುಂದೆ ಪಿಸಿಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡಾಗ ಏನೋ ಒಂದು ಕೊರತೆ ಅನ್ನಿಸುತ್ತಿತ್ತು. ವಿಮಾನ ತಿರುಗುತ್ತೆ, ನನ್ನ ಕತ್ತು ತಿರುಗಲ್ಲ!

ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೇ ಕಟ್ಟಿಕೊಳ್ಳುವ ಪರದೆ) ಸರಿಮಾಡುವುದು ಇದನ್ನೇ. ಚಿತ್ರದ ಚೆಂದದಲ್ಲಿ ಒಳ್ಳೆ ಮಾನಿಟರ್ ಇವತ್ತಿಗೂ ಮುಂದೆ. ಆದರೆ ರನ್‌ವೇ ಎಲ್ಲಿದೆ ಅಂತ ಭುಜದ ಹಿಂದೆ ತಿರುಗಿ ನೋಡುವುದು, ನೆಲ ಇನ್ನೆಷ್ಟು ಕೆಳಗಿದೆ ಅಂತ ಎರಡೂ ಕಣ್ಣಿಂದ ಅಳೆಯುವುದು, ಇದೆರಡು ಮಾನಿಟರ್‌ನಲ್ಲಿ ಆಗದ ಕೆಲಸ. ಬದಲಿಗೆ ಅದು ಕೇಳುವುದೂ ಜಾಸ್ತಿ: ದುಡ್ಡು, ತಾಳ್ಮೆ, ಜೊತೆಗೆ ಗಟ್ಟಿ ಹೊಟ್ಟೆ. ಸೆಟ್ಟಿಂಗ್ ಮಾಡುವಾಗ ಜನ ಮೊದಲು ಕಣ್ಣಿನ ಮಾತು ಕೇಳುತ್ತಾರೆ. ನಾನು ಹೇಳುವುದು ಉಲ್ಟಾ, ಮೊದಲು ಹೊಟ್ಟೆ ಒಪ್ಪಲಿ, ಕಣ್ಣಿನ ಆಸೆ ಆಮೇಲೆ. ಕೆಳಗಿನ ಎಲ್ಲಾ ಹಂತಗಳನ್ನೂ ಇದನ್ನು ತಲೆಯಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ಹೆಡ್‌ಸೆಟ್‌ಗೆ ದುಡ್ಡು ಕೊಡುವ ಮೊದಲು ಪಿಸಿ ನೋಡಿ

ಒಂದು ಸಣ್ಣ ಲೆಕ್ಕ. ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ಒಂದು ಕಣ್ಣಿಗೆ 2064×2208, ಎರಡೂ ಸೇರಿದರೆ 90 ಲಕ್ಷ ದಾಟುತ್ತೆ. ಲೆನ್ಸ್ ಚಿತ್ರವನ್ನು ಬಗ್ಗಿಸುವುದರಿಂದ ಅದನ್ನು ಸರಿದೂಗಿಸಲು ಗ್ರಾಫಿಕ್ಸ್ ಕಾರ್ಡ್ ಇದಕ್ಕಿಂತ ದೊಡ್ಡ ಚಿತ್ರ ಬರೆದು ಕೊಡಬೇಕು. ಅದೂ ಸೆಕೆಂಡಿಗೆ 72 ಸಲ. ಮಾನಿಟರ್‌ನಲ್ಲಿ ಬೆಣ್ಣೆ ಹಾಗೆ ಓಡುವ ಪಿಸಿ ಇಲ್ಲಿ ಏದುಸಿರು ಬಿಡುವುದು ಇದಕ್ಕೇ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಕಂಪನಿ ಶಿಫಾರಸು ಮಾಡುವುದು 32 ಜಿಬಿ ರ‍್ಯಾಮ್, 8 ಜಿಬಿ ವಿಡಿಯೋ ಮೆಮೊರಿ. ಅದು ಮಾನಿಟರ್ ಲೆಕ್ಕ ಅನ್ನುವುದು ನೆನಪಿರಲಿ. ವಿಆರ್‌ಗೆ 8 ಜಿಬಿ ಬೇಗ ತುಂಬುತ್ತೆ, ತುಂಬಿದ ಗಳಿಗೆಯಿಂದ ಚಿತ್ರ ಜರ್ಕ್ ಹೊಡೆಯಲು ಶುರು. 12 ಜಿಬಿ ಇರುವ ಕಾರ್ಡ್ ಇದ್ದರೆ ಉಸಿರಾಡಬಹುದು. ಆರ್‌ಟಿಎಕ್ಸ್ 3060 ಅಥವಾ 4060 ಕಾರ್ಡ್ ಇದ್ದವರು ಸೆಟ್ಟಿಂಗ್ ಇಳಿಸಿಕೊಂಡು ಹಾರಬಹುದು, 4070ರಿಂದ ಮೇಲೆ ನೆಮ್ಮದಿ. ಹಾರ್ಡ್ ಡಿಸ್ಕ್‌ನಲ್ಲಿ ಆಟ ಹಾಕಬೇಡಿ, ಎಸ್‌ಎಸ್‌ಡಿ ಬೇಕೇ ಬೇಕು.

ಪಿಸಿ ಅಷ್ಟಿಲ್ಲ ಅಂದರೆ? ಡಿಸಿಎಸ್ ವರ್ಲ್ಡ್ ಅನ್ನುವ ಯುದ್ಧವಿಮಾನದ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತೆ, ಸು-25ಟಿ ಮತ್ತು ಟಿಎಫ್-51ಡಿ ವಿಮಾನಗಳು ಅದರ ಜೊತೆಗೇ ಬರುತ್ತವೆ, ವಿಆರ್ ಕೂಡ ನಡೆಯುತ್ತೆ. ಆದರೆ ಅದೂ ಹಗುರ ಅಲ್ಲ. ಪಿಸಿಯೇ ಇಲ್ಲದವರು ಕ್ವೆಸ್ಟ್ ಒಳಗೇ ನಡೆಯುವ ಅಲ್ಟ್ರಾವಿಂಗ್ಸ್ 2 ತರಹದ ಆಟ ಆಡಬಹುದು. ಮಜಾ ಇದೆ, ನಿಜವಾದ ಸಿಮ್ಯುಲೇಟರ್ ಅಲ್ಲ ಅಷ್ಟೇ.

ನಮ್ಮ ಕಡೆಯವರಿಗೆ ಇನ್ನೆರಡು ಮಾತು. ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಎರಡಕ್ಕೆ ಕೂತರೆ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತೆ, ನೀವು ಸೆಟ್ಟಿಂಗ್ ತಪ್ಪು ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಬೇಸಿಗೆಯಲ್ಲಿ ಬೆಳಗ್ಗೆ ಅಥವಾ ರಾತ್ರಿ ಹಾರಿ. ಮತ್ತೆ, ಕರೆಂಟ್. ಹೆಡ್‌ಸೆಟ್ ಹಾಕಿಕೊಂಡು ಲ್ಯಾಂಡ್ ಆಗುತ್ತಿರುವಾಗ ಕರೆಂಟ್ ಹೋದರೆ ಇಡೀ ಜಗತ್ತೇ ಒಮ್ಮೆಲೇ ಕಪ್ಪಾಗುತ್ತೆ, ಆ ಗಾಬರಿ ಬೇಡ. ಮನೆ ಇನ್ವರ್ಟರ್ ಮೇಲೆ ಗೇಮಿಂಗ್ ಪಿಸಿ ಹಾಕುವ ಮೊದಲು ಅದು ಎಷ್ಟು ವಾಟ್ ಎಳೆಯುತ್ತೆ ಅಂತ ಲೆಕ್ಕ ಹಾಕಿ, ಇಲ್ಲಾಂದ್ರೆ ಪಿಸಿಗೆ ಅಂತಲೇ ಒಂದು ಯುಪಿಎಸ್ ಇಡಿ.

ಹಂತ 2: ಯಾವ ಹೆಡ್‌ಸೆಟ್

ಹೊಸದು ಕೊಳ್ಳುವವರಿಗೆ ನನ್ನ ಉತ್ತರ ಕ್ವೆಸ್ಟ್ 3. ಕಾರಣ ಲೆನ್ಸ್. ವಿಮಾನದಲ್ಲಿ ನಮ್ಮ ಕಣ್ಣು ಸುಮ್ನೆ ಎದುರಿಗೆ ನೋಡಿಕೊಂಡು ಇರಲ್ಲ. ಕೆಳಗೆ ಮೀಟರ್, ಪಕ್ಕಕ್ಕೆ ರೆಕ್ಕೆ, ಮತ್ತೆ ಮೀಟರ್. ಕ್ವೆಸ್ಟ್ 3ರ ಪ್ಯಾನ್‌ಕೇಕ್ ಲೆನ್ಸ್‌ನಲ್ಲಿ ಅಂಚಿನ ತನಕ ಅಕ್ಷರ ಓದಬಹುದು, ತಲೆ ಆಡಿಸದೆ ಕಣ್ಣು ಹೊರಳಿಸಿದರೆ ಸಾಕು. ಕ್ವೆಸ್ಟ್ 3ಎಸ್ ಮತ್ತು ಹಳೆಯ ಕ್ವೆಸ್ಟ್ 2ರಲ್ಲಿ ಒಂದು ಕಣ್ಣಿಗೆ 1832×1920, ಲೆನ್ಸ್ ಹಳೆಯ ಫ್ರೆನೆಲ್ ತರಹದ್ದು. ನಡುವೆ ಸ್ಪಷ್ಟ, ಅಂಚಿಗೆ ಹೋದಂತೆ ಮಸುಕು. ದುಡ್ಡು ಕಮ್ಮಿ ಇದ್ದರೆ 3ಎಸ್ ಕೆಟ್ಟದ್ದೇನಲ್ಲ, ಆದರೆ ಉಳಿದ ದುಡ್ಡು ಜಾಯ್‌ಸ್ಟಿಕ್‌ಗೆ ಹೋಗಲಿ.

ಇದಕ್ಕಿಂತ ಮೇಲೆ ಪೈಮ್ಯಾಕ್ಸ್ ಕ್ರಿಸ್ಟಲ್ ಲೈಟ್ ತರಹದವು ಇವೆ, ಒಂದು ಕಣ್ಣಿಗೆ 2880×2880. ಅದನ್ನು ಎಳೆಯುವ ಗ್ರಾಫಿಕ್ಸ್ ಕಾರ್ಡ್ ಬೆಲೆ ಕೇಳಿದರೆ ಹೆಡ್‌ಸೆಟ್ಟೇ ಅಗ್ಗ ಅನ್ನಿಸುತ್ತೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಎರಡು ಸಲ ಓದಿ. ಎಚ್‌ಪಿ ರಿವರ್ಬ್ ಜಿ2 ಒಂದು ಕಾಲದಲ್ಲಿ ಸಿಮ್ ಹಾರಿಸುವವರ ಮೆಚ್ಚಿನ ಹೆಡ್‌ಸೆಟ್, 2160×2160, ಇವತ್ತಿಗೂ ಚಿತ್ರ ಚೆನ್ನಾಗಿದೆ. ಆದರೆ ಅದು ನಿಂತಿದ್ದು ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಅನ್ನುವ ಸಾಫ್ಟ್‌ವೇರ್ ಮೇಲೆ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿದೆ. ಯಾರಾದರೂ "ಹೊಸದರ ಹಾಗೇ ಇದೆ, ಅರ್ಧ ಬೆಲೆಗೆ ಕೊಡ್ತೀನಿ" ಅಂದರೆ ಯಾಕೆ ಕೊಡ್ತಿದ್ದಾರೆ ಅಂತ ಈಗ ಗೊತ್ತಾಯ್ತಲ್ಲ. ಬಾಕ್ಸ್ ತೆಗೆದು ಲೆನ್ಸ್ ಹಿಂದಿನ ಪರದೆಯಲ್ಲಿ ಚುಕ್ಕೆ ಇದೆಯಾ ಅಂತಲೂ ನೋಡಿ, ಬಿಸಿಲು ಬಿದ್ದ ಗುರುತು ಹಾಗೇ ಇರುತ್ತೆ. ಹೊರದೇಶದಿಂದ ಯಾರೋ ತಂದುಕೊಡುವುದಾದರೆ ವಾರಂಟಿ ಇಲ್ಲಿ ನಡೆಯುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಹಂತ 3: ತಲೆಗೆ ಕೂರಿಸುವುದು

ಬಹಳಷ್ಟು ಜನ "ಮಸುಕು ಕಾಣುತ್ತೆ" ಅಂತ ಹೇಳುವುದು ಸೆಟ್ಟಿಂಗ್‌ನಿಂದ ಅಲ್ಲ, ಹಾಕಿಕೊಂಡ ರೀತಿಯಿಂದ. ಹೀಗೆ ಮಾಡಿ. ಮೊದಲು ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಅಳೆಯಿರಿ, ಐಪಿಡಿ ಅಂತಾರೆ. ಕನ್ನಡಿ ಮುಂದೆ ನಿಂತು ಹುಬ್ಬಿಗೆ ಸ್ಕೇಲ್ ಇಟ್ಟುಕೊಂಡರೆ ಸಾಕು, ಕನ್ನಡಕದ ಅಂಗಡಿಯಲ್ಲಿ ಕೇಳಿದರೂ ಅಳೆದು ಕೊಡುತ್ತಾರೆ. ಕ್ವೆಸ್ಟ್ 3ರಲ್ಲಿ ಕೆಳಗೊಂದು ಸಣ್ಣ ಚಕ್ರ ಇದೆ, ತಿರುಗಿಸಿದರೆ ಅಂಕಿ ಕಾಣುತ್ತೆ. 3ಎಸ್ ಮತ್ತು ಕ್ವೆಸ್ಟ್ 2ರಲ್ಲಿ 58, 63, 68 ಮಿ.ಮೀ. ಅಂತ ಮೂರೇ ಜಾಗ, ಹತ್ತಿರದ್ದಕ್ಕೆ ಕೂರಿಸಿ. ಎರಡರ ನಡುವೆ ಸಿಕ್ಕಿಕೊಂಡವರಿಗೆ ಅರ್ಧ ಗಂಟೆಗೆ ತಲೆನೋವು ಬರಬಹುದು, ಅಂಥವರು ಕ್ವೆಸ್ಟ್ 3 ನೋಡುವುದೇ ವಾಸಿ.

ಆಮೇಲೆ ಹಿಂದಿನ ಪಟ್ಟಿ. ಅದು ತಲೆಯ ಹಿಂಭಾಗದ ಉಬ್ಬಿನ ಕೆಳಗೆ ಕೂತಿರಬೇಕು, ಉಬ್ಬಿನ ಮೇಲಲ್ಲ. ಮೇಲಿನ ಪಟ್ಟಿ ಬಿಗಿದರೆ ಭಾರ ಕೆನ್ನೆಯಿಂದ ಹಣೆಗೆ ಏರುತ್ತೆ. ಹಾಕಿಕೊಂಡ ಮೇಲೆ ಹೆಡ್‌ಸೆಟ್ಟನ್ನು ಕೈಯಿಂದ ಒಂದೊಂದೇ ಮಿಲಿಮೀಟರ್ ಮೇಲೆ ಕೆಳಗೆ ಸರಿಸಿ ನೋಡಿ, ಒಂದು ಜಾಗದಲ್ಲಿ ಅಕ್ಷರ ಟಕ್ ಅಂತ ಸ್ಪಷ್ಟವಾಗುತ್ತೆ. ಅಲ್ಲೇ ನಿಲ್ಲಿಸಿ. ಜೊತೆಗೆ ಬರುವ ಬಟ್ಟೆಯ ಪಟ್ಟಿ ಒಂದು ಗಂಟೆಯ ಹಾರಾಟಕ್ಕೆ ಸಾಲದು, ಹಿಂದೆ ಬ್ಯಾಟರಿ ಇರುವ ಗಟ್ಟಿ ಪಟ್ಟಿ ತಗೊಂಡರೆ ಭಾರವೂ ಸಮ, ಚಾರ್ಜೂ ಜಾಸ್ತಿ.

ಕನ್ನಡಕ ಇದ್ದವರು ಎಚ್ಚರ. ಕನ್ನಡಕ ಒಳಗಿನ ಲೆನ್ಸ್‌ಗೆ ತಾಗಿದರೆ ಗೀರು ಬೀಳುತ್ತೆ, ಬೀಳುವುದು ಪ್ಲಾಸ್ಟಿಕ್‌ನ ಹೆಡ್‌ಸೆಟ್ ಲೆನ್ಸ್‌ಗೇ. ನಿಮ್ಮ ಪವರ್‌ಗೆ ಮಾಡಿಸಿದ ಒಳ ಲೆನ್ಸ್ ಹಾಕಿಸಿಕೊಂಡರೆ ಆ ತಲೆನೋವಿಲ್ಲ.

ಇನ್ನು ಬಿಸಿಲಿನ ಕಥೆ. ಹೆಡ್‌ಸೆಟ್ ಲೆನ್ಸ್ ಅಂದರೆ ಭೂತಗನ್ನಡಿ. ಮಕ್ಕಳು ಭೂತಗನ್ನಡಿಯಲ್ಲಿ ಕಾಗದ ಸುಡ್ತಾರಲ್ಲ, ಹಾಗೇ ಬಿಸಿಲು ಲೆನ್ಸ್ ಮೂಲಕ ಒಳಗಿನ ಪರದೆಯನ್ನು ಸುಡುತ್ತೆ, ಅದಕ್ಕೆ ನಿಮಿಷಗಳು ಸಾಕು. ನನ್ನ ಮೊದಲ ಹೆಡ್‌ಸೆಟ್ಟನ್ನು ನಾನೇ ಕಿಟಕಿ ಪಕ್ಕದ ಟೇಬಲ್ ಮೇಲೆ ಲೆನ್ಸ್ ಮೇಲಾಗಿ ಇಟ್ಟು ಚಹಾ ಕುಡಿಯಲು ಹೋಗಿದ್ದೆ. ನಮ್ಮ ಬಿಸಿಲು ಗೊತ್ತಲ್ಲ, ಚಹಾ ಜೊತೆ ಒಂದು ಮಾತು ಜಾಸ್ತಿ ಆಯ್ತು, ಬಂದು ನೋಡಿದರೆ ಎಡಗಣ್ಣಲ್ಲಿ ಹಳದಿ ಚುಕ್ಕೆ. ಆಮೇಲೆ ನಾನು ಎಲ್ಲಿ ಹಾರಿದರೂ ಎಡಗಡೆ ಆಕಾಶದಲ್ಲಿ ಅದೊಂದು ಸಣ್ಣ ಸೂರ್ಯ ಜೊತೆಗೇ ಬರುತ್ತಿತ್ತು.

ಹಂತ 4: ಕೈಗೆ ಏನು ಬೇಕು

ಹೆಡ್‌ಸೆಟ್ ಜೊತೆ ಬರುವ ಕಂಟ್ರೋಲರ್‌ನಲ್ಲೇ ವಿಮಾನ ಹಾರಿಸಲು ಹೋಗಬೇಡಿ. ಗಾಳಿಯಲ್ಲಿ ಕೈ ತೇಲಿಸಿಕೊಂಡು ಹತ್ತು ನಿಮಿಷ ಹಾರಿಸಿ ನೋಡಿ, ಭುಜ ಬಿದ್ದುಹೋಗುತ್ತೆ. ಒಂದು ಸಾದಾ ಜಾಯ್‌ಸ್ಟಿಕ್ ಸಾಕು. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ ಆಗಲಿ, ಥ್ರಸ್ಟ್‌ಮಾಸ್ಟರ್ ಟಿ.16000ಎಂ ಆಗಲಿ, ಎರಡರಲ್ಲೂ ಹಿಡಿ ತಿರುಚಿದರೆ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೆಲಸ ಮಾಡುತ್ತೆ, ಥ್ರಾಟಲ್ (ಎಂಜಿನ್ ಶಕ್ತಿ ಏರಿಳಿಸುವುದು) ಬುಡದಲ್ಲೇ ಇದೆ. ರಡರ್‌ಗೆ ಅಂತ ಕಾಲಿನ ಪೆಡಲ್ ಆಮೇಲೆ ನೋಡಿಕೊಳ್ಳಿ.

ಮಾನಿಟರ್ ಮುಂದೆ ಗೊತ್ತಾಗದ ಒಂದು ಕಷ್ಟ ಇಲ್ಲಿದೆ: ಕೈ ಕಾಣಲ್ಲ. ಕೀಬೋರ್ಡ್ ಎಲ್ಲಿದೆ ಅಂತ ತಡಕಾಡುವಷ್ಟರಲ್ಲಿ ವಿಮಾನ ಮೂಗು ಕೆಳಗೆ ಹಾಕಿರುತ್ತೆ. ಆದ್ದರಿಂದ ಗೇರ್ (ಚಕ್ರ), ಫ್ಲ್ಯಾಪ್ (ನಿಧಾನಕ್ಕೆ ಹಾರಲು ಕೆಳಗೆ ಬಿಡುವ ರೆಕ್ಕೆಯ ಹಿಂದಿನ ಅಂಚು), ಬ್ರೇಕ್, ಟ್ರಿಮ್ (ಕೈ ಒತ್ತದೆ ಮೂಗನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದು) ಇಷ್ಟನ್ನೂ ಜಾಯ್‌ಸ್ಟಿಕ್ ಗುಂಡಿಗಳಿಗೆ ಕೊಡಿ. ಇವೆಲ್ಲಕ್ಕಿಂತ ಮೊದಲು, ಹೆಬ್ಬೆರಳಿಗೆ ಸಿಗುವ ಗುಂಡಿಗೆ ವಿಆರ್ ಕ್ಯಾಮೆರಾ ರೀಸೆಟ್ ಕೊಡಿ. ನೀವು ಕುರ್ಚಿಯಲ್ಲಿ ಸ್ವಲ್ಪ ಜಾರಿದರೂ ಕಾಕ್‌ಪಿಟ್‌ನಲ್ಲಿ ನಿಮ್ಮ ತಲೆ ಡ್ಯಾಶ್‌ಬೋರ್ಡ್ ಒಳಗೆ ಹೋಗಿರುತ್ತೆ, ಆಗ ಈ ಗುಂಡಿಯೇ ದೇವರು. ಡಿಸಿಎಸ್‌ನಲ್ಲಿ ಇದೇ ಕೆಲಸಕ್ಕೆ ನಂಬರ್ ಪ್ಯಾಡ್‌ನ 5.

ಕೀಬೋರ್ಡ್‌ನಲ್ಲಿ ಬೇಕೇ ಬೇಕಾದ ಎರಡು ಮೂರು ಕೀಗಳಿಗೆ ಬಟ್ಟೆಗೆ ಹಾಕುವ ವೆಲ್ಕ್ರೋದ ಚೂರು ಅಂಟಿಸಿ. ನಾನು ಒರಟು ಚೂರು ಒಂದಕ್ಕೆ, ಮೆತ್ತಗಿನ ಚೂರು ಇನ್ನೊಂದಕ್ಕೆ ಅಂಟಿಸಿದ್ದೇನೆ, ಬೆರಳಿಗೇ ಗೊತ್ತಾಗುತ್ತೆ. ಕ್ವೆಸ್ಟ್‌ನ ಪಕ್ಕಕ್ಕೆ ಎರಡು ಸಲ ತಟ್ಟಿದರೆ ಹೊರಗಿನ ಕೋಣೆ ಕಾಣುತ್ತೆ, ನೀರಿನ ಬಾಟಲಿ ಹುಡುಕಲು ಅದು ಸಾಕು. ಕುರ್ಚಿಗೆ ಚಕ್ರ ಇದ್ದರೆ ತೆಗೆಯಿರಿ, ಇಲ್ಲವೇ ಗೋಡೆಗೆ ತಾಗಿಸಿ ಕೂರಿ. ಜಾಯ್‌ಸ್ಟಿಕ್ ಟೇಬಲ್ ಮೇಲೆ ಜಾರದ ಹಾಗೆ ಎರಡು ಬದಿಯ ಟೇಪ್ ಹಾಕಿ.

ಹಂತ 5: ಹೆಡ್‌ಸೆಟ್ಟನ್ನು ಪಿಸಿಗೆ ಜೋಡಿಸುವುದು

ಕ್ವೆಸ್ಟ್ ಇದ್ದವರಿಗೆ ದಾರಿ ಎರಡು, ಕೇಬಲ್ ಅಥವಾ ವೈಫೈ.

ಕೇಬಲ್ ದಾರಿ: ಪಿಸಿಯಲ್ಲಿ ಮೆಟಾದ ಲಿಂಕ್ ಆ್ಯಪ್ ಹಾಕಿ (ಹಳೆಯ ಹೆಸರು ಆಕ್ಯುಲಸ್). ಒಳ್ಳೆಯ ಯುಎಸ್‌ಬಿ 3 ಕೇಬಲ್ ಬೇಕು, ಫೋನ್ ಚಾರ್ಜರ್ ಜೊತೆ ಬಂದ ಕೇಬಲ್ ಬಹಳಷ್ಟು ಸಲ ಬರೀ ಯುಎಸ್‌ಬಿ 2 ಆಗಿರುತ್ತೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಜನರಲ್ ಅನ್ನುವಲ್ಲಿ ಎರಡು ಕೆಲಸ ಮಾಡಿ. ಒಂದು, ಓಪನ್‌ಎಕ್ಸ್‌ಆರ್ ರನ್‌ಟೈಮ್ (ಆಟಕ್ಕೂ ಹೆಡ್‌ಸೆಟ್‌ಗೂ ನಡುವಿನ ಕೊಂಡಿ) ಆಗಿ ಮೆಟಾವನ್ನೇ ಆರಿಸಿ. ಎರಡು, ಅನ್‌ನೋನ್ ಸೋರ್ಸಸ್ ಆನ್ ಮಾಡಿ, ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟಗಳು ನಡೆಯಲು ಅದು ಬೇಕು. "ಆಟ ಮಾನಿಟರ್‌ನಲ್ಲಿ ಬರುತ್ತೆ, ಹೆಡ್‌ಸೆಟ್‌ನಲ್ಲಿ ಬರಲ್ಲ" ಅನ್ನುವವರು ಮೊದಲು ಈ ಎರಡನ್ನೇ ನೋಡಿ. ಕೇಬಲ್ ಚುಚ್ಚಿದರೂ ಬ್ಯಾಟರಿ ನಿಧಾನಕ್ಕೆ ಇಳಿಯಬಹುದು, ಅದು ಕೇಬಲ್ ಕೆಟ್ಟಿದೆ ಅಂತಲ್ಲ.

ವೈಫೈ ದಾರಿ: ಮೆಟಾದ ಏರ್ ಲಿಂಕ್ ಮತ್ತು ಸ್ಟೀಮ್ ಲಿಂಕ್ ಉಚಿತ, ವರ್ಚುವಲ್ ಡೆಸ್ಕ್‌ಟಾಪ್‌ಗೆ ದುಡ್ಡು ಕೊಡಬೇಕು. ನಾನು ದುಡ್ಡು ಕೊಟ್ಟಿದ್ದೇನೆ, ಬೇಜಾರಿಲ್ಲ. ಅದರಲ್ಲಿ ವಿಡಿಎಕ್ಸ್‌ಆರ್ ಅಂತ ತನ್ನದೇ ರನ್‌ಟೈಮ್ ಇದೆ, ಸ್ಟೀಮ್‌ನವರ ವಿಆರ್ ಸಾಫ್ಟ್‌ವೇರ್ ಸ್ಟೀಮ್‌ವಿಆರ್ ನಡುವೆ ಬರುವುದಿಲ್ಲ, ಅಷ್ಟು ಭಾರ ಕಮ್ಮಿ. ಯಾವುದೇ ಆಗಲಿ, ಪಿಸಿಯಿಂದ ರೂಟರ್‌ಗೆ ಲ್ಯಾನ್ ಕೇಬಲ್ ಇರಲೇಬೇಕು. ರೂಟರ್‌ನಿಂದ ಹೆಡ್‌ಸೆಟ್‌ಗೆ ಮಾತ್ರ ಗಾಳಿ, ಅದೂ 5 ಗಿಗಾಹರ್ಟ್ಸ್, ಸಾಧ್ಯವಾದರೆ ವೈಫೈ 6, ಅದೂ ಒಂದೇ ಕೋಣೆಯಲ್ಲಿ. ಹಳೆ ಮನೆಗಳ ಕಲ್ಲಿನ ಗೋಡೆ ದಾಟಿ 5 ಗಿಗಾಹರ್ಟ್ಸ್ ಬರುತ್ತೆ ಅಂತ ನಂಬಿ ಕೂರಬೇಡಿ. ಹಾಲ್‌ನಲ್ಲಿ ಕಂಪನಿಯವರು ಹಾಕಿಹೋದ ಡಬ್ಬಿಯಿಂದ ಲ್ಯಾನ್ ಕೇಬಲ್ ಎಳೆದು ನಿಮ್ಮ ಕೋಣೆಯಲ್ಲಿ ಇನ್ನೊಂದು ರೂಟರ್ ಇಡುವುದು ಒಳ್ಳೆಯದು. ಬಹಳ ಜನ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ: ಹೆಡ್‌ಸೆಟ್‌ಗೂ ಪಿಸಿಗೂ ನಡುವಿನ ಮಾತಿಗೆ ಇಂಟರ್ನೆಟ್ ವೇಗ ಏನೂ ಸಂಬಂಧ ಇಲ್ಲ, ಅದು ಮನೆಯೊಳಗಿನ ವ್ಯವಹಾರ. ಇಂಟರ್ನೆಟ್ ಬೇಕಾಗುವುದು ನೆಲದ ಚಿತ್ರ ಇಳಿಸಿಕೊಳ್ಳಲು. ಸಿಮ್ಯುಲೇಟರ್ 2024ಕ್ಕೆ ಕಂಪನಿ ಹೇಳುವುದು ಕನಿಷ್ಠ 10 ಎಂಬಿಪಿಎಸ್, ಶಿಫಾರಸು 50.

ಹಂತ 6: ಸೆಟ್ಟಿಂಗ್, ಅಂದರೆ ಹೊಟ್ಟೆ ಒಪ್ಪುವ ಲೆಕ್ಕ

ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಅಂಕಿ ಬಿಟ್ಟುಬಿಡಿ, ಮಿಲಿಸೆಕೆಂಡ್ ನೋಡಿ. ಹೆಡ್‌ಸೆಟ್ 72 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 72 ಚಿತ್ರ) ಇದ್ದರೆ ಒಂದೊಂದು ಚಿತ್ರಕ್ಕೆ ನಿಮ್ಮ ಪಿಸಿಗೆ ಸಿಗುವ ಸಮಯ 13.9 ಮಿಲಿಸೆಕೆಂಡ್. 90 ಹರ್ಟ್ಸ್ ಮಾಡಿದರೆ 11.1. ಫ್ಲೈಟ್ ಸಿಮ್‌ನಲ್ಲಿ ಸಾಮಾನ್ಯ ಪಿಸಿಗೆ ಎರಡೂ ಸಾಧ್ಯ ಇಲ್ಲ. ಅದಕ್ಕೇ ಇನ್ನೊಂದು ಉಪಾಯ: ಪಿಸಿ ಅರ್ಧದಷ್ಟು ಚಿತ್ರಗಳನ್ನು ಕೊಡಲಿ, ಉಳಿದ ಅರ್ಧವನ್ನು ಸಾಫ್ಟ್‌ವೇರ್ ಊಹಿಸಿ ತುಂಬಲಿ. ಮೆಟಾದಲ್ಲಿ ಇದಕ್ಕೆ ಎಎಸ್‌ಡಬ್ಲ್ಯೂ, ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಎಸ್‌ಎಸ್‌ಡಬ್ಲ್ಯೂ ಅಂತ ಹೆಸರು. 72ರಲ್ಲಿ ಅರ್ಧ ಅಂದರೆ 36 ಚಿತ್ರ, ಒಂದಕ್ಕೆ 27.8 ಮಿಲಿಸೆಕೆಂಡ್. ಇದು ಕೈಗೆಟಕುವ ಗುರಿ.

ಸಮವಾಗಿ ಬರುವ 36, ಒಮ್ಮೆ 60 ಒಮ್ಮೆ 35 ಅಂತ ಕುಣಿಯುವುದಕ್ಕಿಂತ ನೂರು ಪಾಲು ಮೇಲು. ಬಸ್ ನಿಧಾನ ಹೋದರೆ ವಾಂತಿ ಬರಲ್ಲ ನೋಡಿ, ಡ್ರೈವರ್ ಗಳಿಗೆಗೊಮ್ಮೆ ಬ್ರೇಕ್ ಹಾಕಿದರೆ ಬರುತ್ತೆ. ಊಹಿಸಿ ತುಂಬುವುದರಲ್ಲಿ ತಪ್ಪೂ ಆಗುತ್ತೆ, ತಿರುಗುವ ಪ್ರೊಪೆಲರ್ ಸುತ್ತ ನೀರಲ್ಲಿ ನೋಡಿದ ಹಾಗೆ ಅಲೆಯಾಡುತ್ತೆ. ಅದನ್ನು ಸಹಿಸಬಹುದು.

ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಗ್ರಾಫಿಕ್ಸ್‌ಗೆ ಪಿಸಿ ಮತ್ತು ವಿಆರ್ ಅಂತ ಬೇರೆ ಬೇರೆ ಪುಟ ಇದೆ. ವಿಆರ್ ಪುಟವನ್ನು ಮುಟ್ಟಿದರೆ ಮಾನಿಟರ್ ಸೆಟ್ಟಿಂಗ್ ಕೆಡಲ್ಲ, ಧೈರ್ಯವಾಗಿ ಕೆಳಗಿಳಿಸಿ. ಶುರುವಿಗೆ ಇಷ್ಟು ಮಾಡಿ:

ಮೋಡ ಮೀಡಿಯಂ, ಇದು ಬಹಳ ತಿನ್ನುತ್ತೆ. ಟೆರೇನ್ ಎಲ್‌ಒಡಿ (ದೂರದ ನೆಲ ಎಷ್ಟು ವಿವರವಾಗಿ ಕಾಣಬೇಕು ಅನ್ನುವ ಅಂಕಿ) 100, ಕಟ್ಟಡ ಮರಗಳ ಆಬ್ಜೆಕ್ಟ್ ಎಲ್‌ಒಡಿಯೂ ಅಷ್ಟೇ. ರಿಫ್ಲೆಕ್ಷನ್ ಲೋ, ಆಂಬಿಯಂಟ್ ಆಕ್ಲೂಷನ್ (ಸಂದಿಗೊಂದಿಯ ನೆರಳು) ಲೋ ಅಥವಾ ಆಫ್. ರಸ್ತೆ ಮೇಲಿನ ವಾಹನ, ಬೇರೆ ವಿಮಾನಗಳ ಟ್ರಾಫಿಕ್ ಎಲ್ಲ ಆಫ್. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮಾತ್ರ ವಿಡಿಯೋ ಮೆಮೊರಿ ಇದ್ದಷ್ಟು ಇಟ್ಟುಕೊಳ್ಳಿ.

ಇನ್ನು ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರ ಬರೆದು ಎಐಯಿಂದ ದೊಡ್ಡದು ಮಾಡುವುದು) ಬೇಕೋ ಟಿಎಎ (ಚಿತ್ರದ ಅಂಚುಗಳನ್ನು ನಯ ಮಾಡುವುದಷ್ಟೇ) ಬೇಕೋ ಅನ್ನುವ ಜಗಳ. ಡಿಎಲ್‌ಎಸ್‌ಎಸ್ ಹಾಕಿದರೆ ಪಿಸಿಗೆ ಹಗುರ, ಆದರೆ ಗಾಜಿನ ಪರದೆ ಇರುವ ಕಾಕ್‌ಪಿಟ್‌ನಲ್ಲಿ ಓಡುವ ಅಂಕಿಗಳ ಹಿಂದೆ ನೆರಳು ಉಳಿಯುತ್ತೆ. ಎತ್ತರದ ಅಂಕಿ 8ರಿಂದ 9ಕ್ಕೆ ಹೋಗುವಾಗ ಎರಡೂ ಒಂದರ ಮೇಲೊಂದು ಕಂಡು ಕಣ್ಣು ಕಿರಿದು ಮಾಡಬೇಕಾಗುತ್ತೆ. ಮುಳ್ಳಿನ ಗಡಿಯಾರದಂಥ ಹಳೆ ಮೀಟರ್ ಇರುವ ವಿಮಾನದಲ್ಲಿ ಈ ತೊಂದರೆ ಕಮ್ಮಿ. ಅದಕ್ಕೇ ನಾನು ಸಾದಾ ಮೀಟರ್‌ನ ಸೆಸ್ನಾ 172 ಮತ್ತು ಡಿಎಲ್‌ಎಸ್‌ಎಸ್ ಕ್ವಾಲಿಟಿ ಅಂತ ಜೋಡಿ ಮಾಡಿಕೊಂಡಿದ್ದೇನೆ. ಟಿಎಎ ಇಷ್ಟ ಆದವರು ರೆಂಡರ್ ಸ್ಕೇಲ್ (ಪಿಸಿ ಬರೆಯುವ ಚಿತ್ರದ ಗಾತ್ರ, ಶೇಕಡಾ ಲೆಕ್ಕ) 70ರಿಂದ ಶುರು ಮಾಡಿ 5ರಂತೆ ಏರಿಸುತ್ತಾ ಹೋಗಿ.

ಡೆವಲಪರ್ ಮೋಡ್ ಆನ್ ಮಾಡಿದರೆ ಎಫ್‌ಪಿಎಸ್ ತೋರಿಸುವ ಡಬ್ಬಿ ಬರುತ್ತೆ, ಯಾವುದರಿಂದ ತಡವಾಗ್ತಿದೆ ಅಂತ ಅದರಲ್ಲೇ ಬರೆದಿರುತ್ತೆ. ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಅಂತ ಇದ್ದರೆ ರೆಂಡರ್ ಸ್ಕೇಲ್, ಮೋಡ ಇಳಿಸಿ. ಮೇನ್ ಥ್ರೆಡ್ ಅಂತ ಇದ್ದರೆ ಅದು ಪ್ರೊಸೆಸರ್ ಕಷ್ಟ, ಎಲ್‌ಒಡಿ ಮತ್ತು ಟ್ರಾಫಿಕ್ ಇಳಿಸಿ. ಇದನ್ನು ನೋಡದೆ ಎಲ್ಲವನ್ನೂ ಒಟ್ಟಿಗೆ ಇಳಿಸಿ "ಏನೂ ಆಗ್ಲಿಲ್ಲ" ಅನ್ನುವವರೇ ಜಾಸ್ತಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಒಂದೇ ಜಾಗದಿಂದ ಹಾರಿ, ವಹಿಯಲ್ಲಿ ಬರೆದಿಡಿ. ಕಲಬುರಗಿ ವಿಮಾನ ನಿಲ್ದಾಣದ ಸುತ್ತ ತೊಗರಿ ಹೊಲ, ಪಿಸಿಗೆ ಹಗುರ. ಅಲ್ಲಿ ಸರಿ ಹೋಯ್ತು ಅಂತ ಖುಷಿಪಟ್ಟು ಬೆಂಗಳೂರಿಗೆ ಹೋದರೆ ಮತ್ತೆ ಜರ್ಕ್. ಹಗುರ ಜಾಗಕ್ಕೊಂದು, ಭಾರದ ಊರಿಗೊಂದು ಅಂತ ಎರಡು ಪಟ್ಟಿ ಇಟ್ಟುಕೊಳ್ಳಿ.

ಎಕ್ಸ್-ಪ್ಲೇನ್ 12 ಅನ್ನುವ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಸೆಟ್ಟಿಂಗ್ ಕಮ್ಮಿ, ಸ್ಥಿರತೆ ಜಾಸ್ತಿ, ನೆಲ ಮಾತ್ರ ಉಪಗ್ರಹದ ಚಿತ್ರ ಅಲ್ಲ. ನಮ್ಮೂರು ಗುರುತಿಸುವ ಆಸೆ ಇದ್ದವರಿಗೆ ಮೈಕ್ರೋಸಾಫ್ಟ್‌ದೇ ಸರಿ.

ಹಂತ 7: ತಲೆ ಸುತ್ತುವುದು

ನನ್ನ ಮೊದಲ ಹಾರಾಟ ಊಟ ಆದ ಮೇಲೆ. ಎರಡು ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮಜ್ಜಿಗೆ. ಕೂತವನೇ ಜೆಟ್ ಹತ್ತಿ ಸೂರ್ಯಕಿರಣದವರ ಹಾಗೆ ಉರುಳಿಸಿದೆ. ನಾಲ್ಕನೇ ನಿಮಿಷಕ್ಕೆ ಹಣೆಯಲ್ಲಿ ತಣ್ಣನೆ ಬೆವರು, ಹೆಡ್‌ಸೆಟ್ ಕಿತ್ತು ನೆಲದ ಮೇಲೆ ಮಲಗಿದೆ. ಅವ್ವ ಬಂದು ನೋಡಿ, "ಯಾಕೋ ತಮ್ಮಾ, ಮುಖ ಹಿಂಗ್ಯಾಕ ಆಗ್ಯಾದ? ದೃಷ್ಟಿ ಆಗ್ಯಾದೇನು?" ಅಂತ ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದಳು. ನಾನು ಬೇಡ ಅನ್ನಲೂ ಬಾಯಿ ತೆರೆಯುವ ಹಾಗಿರಲಿಲ್ಲ.

ಆಗುವುದು ಇಷ್ಟೇ: ಕಣ್ಣು "ತಿರುಗ್ತಿದೀವಿ" ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ "ಕುರ್ಚಿ ಮೇಲೆ ಸುಮ್ನೆ ಕೂತಿದೀವಿ" ಅನ್ನುತ್ತೆ. ಎರಡರ ಜಗಳದಲ್ಲಿ ಹೊಟ್ಟೆ ಕೆಡುತ್ತೆ. ಬಹಳ ಜನರಿಗೆ ದಿನ ಕಳೆದಂತೆ ಒಗ್ಗುತ್ತೆ, ಆದರೆ ಹಟ ಮಾಡಿ ಸಹಿಸಿಕೊಂಡರೆ ಅಲ್ಲ. ಬಾಯಲ್ಲಿ ನೀರೂರುವುದು, ಮೈ ಬಿಸಿಯಾಗುವುದು, ಆಕಳಿಕೆ, ಇದರಲ್ಲಿ ಯಾವುದು ಶುರುವಾದರೂ ಆ ಕ್ಷಣವೇ ಹೆಡ್‌ಸೆಟ್ ತೆಗೆಯಿರಿ. ಇನ್ನೈದು ನಿಮಿಷ ಅಂತ ಎಳೆದರೆ ಆ ದಿನ ಪೂರ್ತಿ ಹಾಳು, ಜೊತೆಗೆ ಮರುದಿನ ಹೆಡ್‌ಸೆಟ್ ನೋಡಿದರೇ ವಾಕರಿಕೆ. ಮೊದಲ ವಾರ ದಿನಕ್ಕೆ 10-15 ನಿಮಿಷ ಸಾಕು.

ಒಂದು ಟೇಬಲ್ ಫ್ಯಾನ್ ಮುಖಕ್ಕೆ ಎದುರಾಗಿ ಇಡಿ. ಗಾಳಿಯಿಂದ ಬೆವರು ಆರುತ್ತೆ, ಲೆನ್ಸ್‌ಗೆ ಮಂಜು ಕಟ್ಟಲ್ಲ, ಮೇಲಾಗಿ ನಿಜವಾದ ಮುಂದಿನ ದಿಕ್ಕು ಯಾವುದು ಅಂತ ಮೈಗೆ ಗೊತ್ತಿರುತ್ತೆ. ಜಾಯ್‌ಸ್ಟಿಕ್‌ನ ಮೇಲಿನ ಗುಂಡಿಯಿಂದ ನೋಟ ತಿರುಗಿಸಬೇಡಿ, ಕತ್ತು ಇರುವುದೇ ಅದಕ್ಕೆ. ಹೊರಗಿನ ಕ್ಯಾಮೆರಾಗೆ ಹೋಗಬೇಡಿ. ಕಾಕ್‌ಪಿಟ್ ಚೌಕಟ್ಟು ಕಣ್ಣಮುಂದೆ ಇರುವ ತನಕ ಮಿದುಳಿಗೆ ಹಿಡಿದುಕೊಳ್ಳಲು ಏನೋ ಇರುತ್ತೆ. ವಿಚಿತ್ರ ಅನ್ನಿಸಬಹುದು, ಆಕಾಶಕ್ಕಿಂತ ನೆಲದ ಮೇಲೆ ವಿಮಾನ ಓಡಿಸಿಕೊಂಡು ಹೋಗುವಾಗಿನ ತಿರುವುಗಳೇ ಜಾಸ್ತಿ ತಲೆ ಸುತ್ತಿಸುತ್ತವೆ. ಆದ್ದರಿಂದ ಮೊದಮೊದಲು ಪಾರ್ಕಿಂಗ್‌ನಿಂದ ಶುರು ಮಾಡಬೇಡಿ, ನೇರ ರನ್‌ವೇ ಮೇಲೆ ನಿಲ್ಲಿಸಿಕೊಳ್ಳಿ.

ಮಕ್ಕಳ ವಿಚಾರ: 10 ವರ್ಷದ ಒಳಗಿನವರಿಗೆ ಕ್ವೆಸ್ಟ್ ಬೇಡ ಅಂತ ಕಂಪನಿಯೇ ಹೇಳುತ್ತೆ. ಮೂರ್ಛೆ ರೋಗ ಇದ್ದವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು.

ಹಂತ 8: ಈಗ ಹಾರೋಣ, ಕಲಬುರಗಿಯಿಂದ ಬೀದರ್‌ಗೆ

ಶ್ರೀನಿವಾಸ ಸರಡಗಿ ಹತ್ತಿರದ ಕಲಬುರಗಿ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ಕ್ಕೆ. ಸಿಮ್ಯುಲೇಟರ್‌ನಲ್ಲಿ ಇದರ ಕೋಡ್ ವಿಒಜಿಬಿ, ಬೀದರ್‌ದು ವಿಒಬಿಆರ್. ಕಲಬುರಗಿ ರನ್‌ವೇ 3175 ಮೀಟರ್ ಉದ್ದ, ಸೆಸ್ನಾಗೆ ಇದರಲ್ಲಿ ಕಾಲು ಭಾಗವೂ ಬೇಡ, ಕಲಿಯುವವರಿಗೆ ಇಷ್ಟು ಉದಾರ ಜಾಗ ಸಿಗುವುದು ಅಪರೂಪ. ಹವೆ ತಿಳಿಯಾಗಿರಲಿ, ಗಾಳಿ ಸೊನ್ನೆ, ಸಮಯ ಬೆಳಗ್ಗೆ ಎಂಟು. ಸೆಸ್ನಾ 172, ರನ್‌ವೇ 09, ಅಂದರೆ ಪೂರ್ವಕ್ಕೆ ಮುಖ.

ಆಟ ಮಾನಿಟರ್‌ನಲ್ಲೇ ತೆರೆದು, ವಿಮಾನ ರನ್‌ವೇ ಮೇಲೆ ನಿಂತ ಮೇಲೆ ಹೆಡ್‌ಸೆಟ್ ಹಾಕಿ, ಕಂಟ್ರೋಲ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿ. ಕಪ್ಪಾಗಿ ಮತ್ತೆ ಬೆಳಗುತ್ತೆ, ನೀವು ಒಳಗೆ ಕೂತಿರುತ್ತೀರಿ. ಬೆನ್ನು ನೇರ ಮಾಡಿ, ಎದುರಿಗೆ ನೋಡಿ, ರೀಸೆಟ್ ಒತ್ತಿ. ಎಂಜಿನ್ ಮೂತಿಯ ಮೇಲಿಂದ ರನ್‌ವೇ ಕಾಣಬೇಕು. ಇಲ್ಲಾಂದ್ರೆ ಸೀಟ್ ಎತ್ತರಿಸಿ ಮತ್ತೆ ರೀಸೆಟ್.

ಥ್ರಾಟಲ್ ಪೂರ್ತಿ. ವಿಮಾನ ಎಡಕ್ಕೆ ಎಳೆಯುತ್ತೆ, ಬಲ ರಡರ್ ಸ್ವಲ್ಪ ಕೊಡಿ. ವೇಗ 55 ನಾಟ್ (ಗಂಟೆಗೆ 55 ನಾಟಿಕಲ್ ಮೈಲಿ) ಆದಾಗ ಮೃದುವಾಗಿ ಹಿಂದಕ್ಕೆ ಎಳೆಯಿರಿ. 74 ನಾಟ್‌ನಲ್ಲಿ ಏರಿ. ಮೊದಲ ದಿನ ಬೀದರ್ ಬೇಡ, ಇಲ್ಲೇ ಒಂದು ಸುತ್ತು ಹಾಕಿ. ನೆಲದಿಂದ 500 ಅಡಿ ಆದ ಮೇಲೆ ಎಡಕ್ಕೆ ತಿರುಗಿ ಉತ್ತರಕ್ಕೆ, ಮತ್ತೆ ಎಡಕ್ಕೆ ತಿರುಗಿ ಪಶ್ಚಿಮಕ್ಕೆ, 1000 ಅಡಿಯಲ್ಲಿ ನೆಟ್ಟಗೆ. ಈಗ ಕಲಬುರಗಿ ಊರು ಎದುರಿಗೆ, ರನ್‌ವೇ ಎಡಗಡೆ. ಮಾನಿಟರ್‌ನಲ್ಲಿ ಹಾರಿಸುವವರು ಇಲ್ಲಿ ಗುಂಡಿ ಒತ್ತಿ ನೋಟ ಬದಲಾಯಿಸುತ್ತಾರೆ, ರನ್‌ವೇ ಕಳೆದುಕೊಳ್ಳುತ್ತಾರೆ. ನೀವು ಸುಮ್ನೆ ಎಡಕ್ಕೆ ತಿರುಗಿ ನೋಡಿ. ರನ್‌ವೇ ತುದಿ ಎಡಭುಜದ ಹಿಂದೆ 45 ಡಿಗ್ರಿ ಬಂದಾಗ ಥ್ರಾಟಲ್ ಇಳಿಸಿ, ಮೊದಲ ಫ್ಲ್ಯಾಪ್ ಹಾಕಿ, ದಕ್ಷಿಣಕ್ಕೆ ತಿರುಗಿ. ಪಕ್ಕದ ಕಿಟಕಿಯಲ್ಲಿ ರನ್‌ವೇ ನೋಡುತ್ತಲೇ ಇರಿ. ಅದು ಮುಂದಕ್ಕೆ ಜಾರಿ ಬಂದು ಎದುರಿಗೆ ನಿಲ್ಲುವ ಹೊತ್ತಿಗೆ ಕೊನೆಯ ತಿರುವು ಮುಗಿಸಿ. ವೇಗ 85ಕ್ಕಿಂತ ಕಮ್ಮಿ ಇದ್ದಾಗ ಉಳಿದ ಫ್ಲ್ಯಾಪ್, ಆಮೇಲೆ 65 ನಾಟ್ ಹಿಡಿದುಕೊಳ್ಳಿ.

ಇಳಿಯುವಾಗ ನಂಬರ್ ಬರೆದ ಜಾಗವನ್ನೇ ದಿಟ್ಟಿಸಬೇಡಿ. ಕೊನೆಯ ಗಳಿಗೆಯಲ್ಲಿ ಕಣ್ಣು ರನ್‌ವೇ ಆ ತುದಿಗೆ ಹೋಗಲಿ. ಆಗ ಎರಡೂ ಅಂಚುಗಳು ಇದ್ದಕ್ಕಿದ್ದ ಹಾಗೆ ಅಗಲವಾಗಿ ನಿಮ್ಮ ಅಕ್ಕಪಕ್ಕ ಏಳುತ್ತವೆ, ನೆಲ ಕಾಲಬುಡಕ್ಕೆ ಬಂತು ಅಂತ ಮೈಗೇ ಗೊತ್ತಾಗುತ್ತೆ, ಕೈ ತಾನೇ ಹಿಂದಕ್ಕೆ ಎಳೆಯುತ್ತೆ. ಮಾನಿಟರ್‌ನಲ್ಲಿ ನಾನು ಎಷ್ಟೋ ಸಲ ಮೂರು ಸಲ ಪುಟಿದು ಇಳಿದವನು. ವಿಆರ್‌ನಲ್ಲಿ ಎರಡನೇ ದಿನವೇ ಚಕ್ರ ತಾಗಿದ್ದು ಗೊತ್ತಾಗದ ಹಾಗೆ ಇಳಿಸಿದೆ.

ಎರಡು ಮೂರು ಸುತ್ತು ಸಲೀಸಾದ ಮೇಲೆ ಬೀದರ್. ನೇರ ಗೆರೆಯಲ್ಲಿ ಸುಮಾರು 47 ನಾಟಿಕಲ್ ಮೈಲಿ, ದಿಕ್ಕು ಹೆಚ್ಚು ಕಮ್ಮಿ 40 ಡಿಗ್ರಿ, ಅಂದರೆ ಈಶಾನ್ಯ. 5500 ಅಡಿಗೆ ಏರಿ. ಅರ್ಧ ಗಂಟೆಯ ದಾರಿ, ಹೊಟ್ಟೆ ಒಪ್ಪಿದರೆ ಒಂದೇ ಸಲಕ್ಕೆ. ಕೆಳಗೆ ಕಪ್ಪು ನೆಲ ನಿಧಾನಕ್ಕೆ ಕೆಂಪಾಗುತ್ತಾ ಹೋಗುವುದನ್ನು ನೋಡಿ, ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ ಅಲ್ವಾ. ಊರು ಹತ್ತಿರ ಆದಾಗ ಎಡಗಡೆ ಕಾರಂಜಾ ಜಲಾಶಯದ ನೀರು ಹೊಳೆಯುತ್ತೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 2180 ಅಡಿ ಮೇಲಿದೆ. ಇದನ್ನು ಮರೆತು ಮೀಟರ್‌ನಲ್ಲಿ 1000 ಅಡಿ ಬರಲಿ ಅಂತ ಕಾದರೆ ಅದಕ್ಕೂ ಮೊದಲೇ ನೆಲ ಬಂದಿರುತ್ತೆ! ಸುತ್ತು ಹಾಕುವ ಎತ್ತರ 3200. ನಿಮಿಷಕ್ಕೆ 500 ಅಡಿಯಂತೆ ಇಳಿಯುವುದಾದರೆ 9-10 ಮೈಲಿ ಇರುವಾಗಲೇ ಶುರು ಮಾಡಿ.

ಕೋಟೆ, ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ನಾವು ಕಂಡ ಹಾಗೇ ಇರುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಸಿಮ್ಯುಲೇಟರ್ ಮೇಲಿಂದ ತೆಗೆದ ಚಿತ್ರ ನೋಡಿ ಕಟ್ಟಡ ಊಹಿಸುತ್ತೆ ಅಷ್ಟೇ. ಆದರೂ ಊರಿನ ಆಕಾರ, ಪ್ರಸ್ಥಭೂಮಿಯ ಅಂಚು ಗುರುತು ಸಿಗುತ್ತೆ. ಇಳಿಯುವ ಮೊದಲು ಒಂದು ಸುತ್ತು ಎಡಕ್ಕೆ ವಾಲಿಸಿ ಕೆಳಗೆ ನೋಡಿ. ನಾನು ಹುಡುಕುವುದು ನಮ್ಮ ಮಾಳಿಗೆ. ಇನ್ನೂ ಖಾತ್ರಿ ಆಗಿಲ್ಲ, ಎರಡು ಮನೆಗಳ ಮೇಲೆ ಅನುಮಾನ ಇದೆ.

ಇಳಿದು ಎಂಜಿನ್ ಆರಿಸಿದ ಮೇಲೆ ಕಂಟ್ರೋಲ್ ಟ್ಯಾಬ್ ಒತ್ತಿ ಹೊರಬನ್ನಿ. ಹೆಡ್‌ಸೆಟ್ ತೆಗೆದ ಕೂಡಲೇ ಎದ್ದು ಓಡಬೇಡಿ, ಒಂದೆರಡು ನಿಮಿಷ ಹಾಗೇ ಕೂತು ನೀರು ಕುಡಿಯಿರಿ, ಆ ಹೊತ್ತಲ್ಲಿ ಸ್ಕೂಟರ್ ಕೀಲಿಗೆ ಕೈ ಹಾಕಲೇಬೇಡಿ. ಮುಖಕ್ಕೆ ತಾಗುವ ಸ್ಪಂಜಿನ ಬೆವರು ಒರೆಸಿ, ಲೆನ್ಸ್‌ಗೆ ಮಾತ್ರ ಕನ್ನಡಕದ ಒಣ ಬಟ್ಟೆ, ಸ್ಯಾನಿಟೈಸರ್ ಅಲ್ಲ. ಆಮೇಲೆ ಲೆನ್ಸ್ ಮೇಲೆ ಬಟ್ಟೆ ಮುಚ್ಚಿ ಕಪಾಟಿನೊಳಗೆ ಇಡಿ, ಚಹಾ ಅದಾದ ಮೇಲೆ.